ಸಮುದ್ರವನ್ನು ಬಕೆಟ್ಟಿನಲ್ಲಿ ಹೊತ್ತ ದಿನ

ಈ ಜನ್ಮದಲ್ಲಿ ನಾನು ಯಾರ ಹತ್ತಿರವೂ ಸಹಾಯ ಬೇಡಿದವನಲ್ಲ. (ಹೆಂಡತಿಯ ಹತ್ತಿರ ದಿನಕ್ಕೆ ಹತ್ತು ಸಲ ಬೇಡುತ್ತೇನೆ, ಕನ್ನಡಕ ಎಲ್ಲಿ, ಟವೆಲ್ಲು ಎಲ್ಲಿ, ನಾನು ಅರ್ಧ ಓದಿಟ್ಟ ಪೇಪರು ಎಲ್ಲಿ ಎಂದು. ಅದನ್ನು ಸಹಾಯ ಎನ್ನುವುದಿಲ್ಲ, ಸಂಸಾರ ಎನ್ನುತ್ತಾರೆ.) ಇದು ನನ್ನೊಬ್ಬನ ಹಟವಲ್ಲ, ನಮ್ಮ ಫಿನ್ಲೆಂಡಿನ ಗಂಡಸರ ಕುಲಧರ್ಮ. ನಮ್ಮಲ್ಲಿ ಮುಳುಗುತ್ತಿರುವವನು ಕೂಡ "ಕಾಪಾಡಿ" ಎಂದು ಕೂಗುವುದಿಲ್ಲ, "ನೀರು ಸ್ವಲ್ಪ ತಣ್ಣಗಿದೆ" ಎನ್ನುತ್ತಾನೆ. ದಡದಲ್ಲಿರುವವನೂ ಅಷ್ಟೇ ಮರ್ಯಾದಸ್ಥ. ಕೇಳದೆ ಕೈ ಚಾಚಿದರೆ ಮುಳುಗುವವನ ಮಾನ ಹೋದೀತೆಂದು "ಹೂಂ, ಇನ್ನೂ ಮೇ ತಿಂಗಳಲ್ವೇ" ಎಂದು ಹೇಳಿ ಕಾಫಿ ಕುಡಿಯುತ್ತ ನಿಲ್ಲುತ್ತಾನೆ. ಹೀಗೆ ಪರಸ್ಪರ ಗೌರವದಿಂದ ನಾವು ಎಷ್ಟೋ ತಲೆಮಾರು ಬಾಳಿಕೊಂಡು ಬಂದಿದ್ದೇವೆ.

ಈ ಕುಲಧರ್ಮದ ಸೂಕ್ಷ್ಮ ನನ್ನ ಹೆಂಡತಿ ಹೆಲ್ವಿಗೆ ಮಾತ್ರ ಇಂದಿಗೂ ಅರ್ಥವಾಗಿಲ್ಲ. ಅವಳು ಪೂರ್ವದ ಕರೇಲಿಯಾ ಕಡೆಯವಳು. ಆ ಕಡೆಯ ಜನ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರನ್ನು ತಾವಾಗಿಯೇ ಮಾತನಾಡಿಸುತ್ತಾರೆಂದು ಚಿಕ್ಕಂದಿನಲ್ಲಿ ಕೇಳಿದ್ದೆ, ನಂಬಿರಲಿಲ್ಲ. ಮದುವೆಯಾದ ಮೇಲೆ ನಂಬಿದೆ.

ನಾನು ಓಸ್ಮೋ. ನಮ್ಮೂರಿನ ಚರ್ಚಿನಲ್ಲಿ ಆರ್ಗನ್ ನುಡಿಸಿ ನಿವೃತ್ತನಾದವನು. ಒಂದು ಆಯುಷ್ಯವಿಡೀ ಊರ ಮಂದಿಯ ಅಪಸ್ವರವನ್ನು ಭಾನುವಾರ ಭಾನುವಾರ ಕೇಳಿ ನನ್ನ ಎರಡೂ ಕಿವಿಗಳು ಬಳಲಿದ್ದವು. ಅವಕ್ಕೆ ವಿಶ್ರಾಂತಿ ಸಿಗುವುದು ಒಂದೇ ಜಾಗದಲ್ಲಿ, ಅದು ನಮ್ಮ ದ್ವೀಪ. ದ್ವೀಪ ಎಂದರೆ ದೊಡ್ಡದೇನಲ್ಲ. ಒಂದು ಬಂಡೆ, ಬಂಡೆಯ ಮೇಲೆ ಒಂದು ಕೋಣೆಯ ಮರದ ಮನೆ, ನೀರಿನ ಅಂಚಿಗೆ ಬಿಸಿ ಹಬೆಯ ಸ್ನಾನಕ್ಕೊಂದು ಸೌನಾ, ಸುತ್ತ ನಾಲ್ಕಾರು ಪೈನ್ ಮರ. ಸೌನಾದಲ್ಲಿ ಬೆವರು ಹರಿಸಿ, ಸಮುದ್ರದಲ್ಲಿ ಒಂದು ಮುಳುಗು ಹಾಕಿ, ಮೆಟ್ಟಿಲ ಮೇಲೆ ಕೂತರೆ ಒಂದು ನರಪಿಳ್ಳೆಯ ದನಿ ಕೇಳಿಸುವುದಿಲ್ಲ. ನಡುಬೇಸಗೆಯ ಯುಹಾನ್ನುಸ್ ಹಬ್ಬದ ದಿನ, ಸೂರ್ಯ ಮುಳುಗಲೋ ಬೇಡವೋ ಎಂದು ಮೀನಮೇಷ ಎಣಿಸುವ ಹೊತ್ತಿನಲ್ಲಿ ಆ ಮೆಟ್ಟಿಲ ಮೇಲೆ ಕೂರುವುದಕ್ಕಾಗಿಯೇ ನಾನು ಉಳಿದ ಹನ್ನೊಂದು ತಿಂಗಳು ಬದುಕುತ್ತೇನೆ.

ಆದರೆ ಅಲ್ಲಿಗೆ ಹೋಗಲು ದೋಣಿ ಬೇಕು. ನಮ್ಮ ದೋಣಿ ಹೆಲ್ವಿಯ ಸೋದರಮಾವ ಕಟ್ಟಿದ ಮರದ ದೋಣಿ. ಅದರೊಳಗೆ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವಂಥದ್ದು. ಸಮುದ್ರ ಹೆಪ್ಪುಗಟ್ಟುವ ಮೊದಲೇ ಊರಿನ ದೋಣಿಗಳೆಲ್ಲ ಮೇಲೆ ಬಂದು ದೋಣಿ ಸಂಘದ ಅಂಗಳದಲ್ಲಿ ಮರದ ತೊಟ್ಟಿಲುಗಳ ಮೇಲೆ ತಾಡಪಾಲು ಹೊದ್ದು ಮಲಗುತ್ತವೆ. ಮೇ ತಿಂಗಳಲ್ಲಿ ಒಂದು ಶನಿವಾರ ಸಂಘದವರು ಕ್ರೇನ್ ತರಿಸುತ್ತಾರೆ. ಒಂದೇ ದಿನ. ಅಂದು ನೀರಿಗಿಳಿಯದ ದೋಣಿ ಬೇಸಗೆಯಿಡೀ ಬೇಲಿ ಪಕ್ಕದ, ಮುಟ್ಟಿದರೆ ಉರಿಯುವ ಚುರುಚುರು ಗಿಡಗಳ ನಡುವೆ ನಿಂತಿರಬೇಕು. ಇದರ ಮೇಲೆ ಸಂಘದ ಕಟ್ಟುನಿಟ್ಟಿನ ಕಾನೂನೊಂದಿದೆ. ಎಂಜಿನ್ ನೆಲದ ಮೇಲೆ ಓಡಿದರೆ ಮಾತ್ರ ದೋಣಿ ನೀರಿಗೆ. ಇಲ್ಲವಾದರೆ ಇಳಿದ ದೋಣಿ ಜಪ್ಪಯ್ಯ ಎಂದರೂ ಜರುಗದೆ ಹಿಂದಿನವರ ದಾರಿಗೆ ಅಡ್ಡ ಕೂರುತ್ತದೆ. ಬಂದರಿನ ಯಜಮಾನಿ ಅನ್ನಿಕ್ಕಿ ತನ್ನ ಕಿವಿಯಾರೆ ಎಂಜಿನ್ ಸದ್ದು ಕೇಳದೆ ಕ್ರೇನಿನವನಿಗೆ ಕೈ ಸನ್ನೆ ಮಾಡುವುದಿಲ್ಲ.

ಆ ಶನಿವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲೇ ಜಗಳ ಹತ್ತಿಕೊಂಡಿತು.

"ಈ ಸಲ ತೈಸ್ತೋನ್ನ ಕೇಳು," ಎಂದಳು ಹೆಲ್ವಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ. "ಹಡಗು ಎಳೆಯೋ ಟಗ್ ದೋಣಿ ಎಂಜಿನ್‌ನಲ್ಲೇ ಅವನ ತಲೆ ಬೆಳ್ಳಗಾಗಿರೋದು. ನಮ್ಮ ಪಕ್ಕದ ತೊಟ್ಟಿಲಲ್ಲೇ ಅವನ ದೋಣಿ ಇದೆ. ಬಾಯಿಬಿಟ್ಟು ಒಂದ್ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಸಾವಿರದ ಎಂಟುನೂರು ಕೊಳವೆ ಇರೋ ಆರ್ಗನ್ನ ಪಳಗಿಸಿದೋನು ನಾನು. ಇದಕ್ಕಿರೋದು ಒಂದೇ ಒಂದು ಕೊಳವೆ."

"ಆರ್ಗನ್ ಕೈ ಕೊಟ್ರೆ ಜನ ಬರೀ ಬಾಯಲ್ಲೇ ಹಾಡ್ತಾರೆ. ಇದು ಕೈ ಕೊಟ್ರೆ ನಾವಿಬ್ರೂ ಚುರುಚುರು ಗಿಡದ ಮಧ್ಯ ನಿಂತು ಹಾಡ್ಬೇಕು."

"ನಾನು ಯಾರನ್ನೂ ಕೇಳಲ್ಲ."

"ಕೇಳಲ್ವಾ?"

"ಪ್ರಾಣ ಹೋದ್ರೂ ಕೇಳಲ್ಲ."

ಹೆಲ್ವಿ ಬೆಣ್ಣೆಯ ಚಾಕುವನ್ನು ಕೆಳಗಿಟ್ಟಳು. ಅವಳು ಚಾಕು ಕೆಳಗಿಟ್ಟಾಗ ನನಗೆ ಹೆಚ್ಚು ಭಯ.

"ಸರಿ, ಪಂಥ. ಇವತ್ತು ಕ್ರೇನು ಅಂಗಳ ಬಿಡೋದ್ರೊಳಗೆ ನೀನು ಯಾರ ಹತ್ರನಾದ್ರೂ, ನಾನೂ ಸೇರಿ, ಬಾಯಿಬಿಟ್ಟು ಸಹಾಯ ಕೇಳ್ದೆ ಅನ್ನು, ಯುಹಾನ್ನುಸ್ ಹಬ್ಬ ರೈಮೋನ ಕ್ಯಾರವಾನಲ್ಲಿ. ಕೇಳ್ಲಿಲ್ವೋ, ನಮ್ಮ ದ್ವೀಪದಲ್ಲಿ. ಒಪ್ಪಿಗೇನಾ?"

ನಾನು ತಟ್ಟನೆ ಕೈ ಕೊಟ್ಟೆ. ರೈಮೋ ಎಂಬ ಹೆಸರು ಕೇಳಿದ ಕೂಡಲೇ ನನ್ನ ಬುದ್ಧಿ ಕೆಲಸ ನಿಲ್ಲಿಸುತ್ತದೆ. ರೈಮೋ ನನ್ನ ಷಡ್ಡಕ, ಹೆಲ್ವಿಯ ತಂಗಿ ಹಿಲ್ಕಾಳ ಗಂಡ. ನಮ್ಮ ದೇಶದಲ್ಲಿ ಮಾತುಗಾರ ಗಂಡಸು ಅಪರೂಪದ ಪ್ರಾಣಿ, ಹುಡುಕಿದರೂ ಸಿಗುವುದಿಲ್ಲ. ನನಗೆ ಹುಡುಕದೆಯೇ ಸಿಕ್ಕಿತು. ಅವನು ಒಂದು ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ, ಕೊಂಡಿದ್ದಾನೆ. ಅದರಲ್ಲಿ ಮಂಚ ಮೇಜಾಗುತ್ತದೆ, ಮೇಜು ಕಪಾಟಾಗುತ್ತದೆ, ಆದಾಗಲೆಲ್ಲ ಅದು ಹೇಗೆ ಆಯಿತೆಂದು ರೈಮೋ ವಿವರಿಸುತ್ತಾನೆ. ಹೋದ ವರ್ಷ ಒಂದು ರಾತ್ರಿ ಅದರಲ್ಲಿ ಮಲಗಿದ್ದೆ. ನಿದ್ದೆಯಲ್ಲೂ ಅವನು ಫ್ರಿಜ್ಜಿನ ಬಾಗಿಲ ಬಗ್ಗೆ ಮಾತಾಡುತ್ತಿದ್ದ. ಅಂಥ ಕ್ಯಾರವಾನಿನಲ್ಲಿ ಯುಹಾನ್ನುಸ್! ಅದಕ್ಕಿಂತ ಚುರುಚುರು ಗಿಡವೇ ವಾಸಿ.

ಅಂಗಳಕ್ಕೆ ಹೋಗುವಷ್ಟರಲ್ಲಿ ಕ್ರೇನ್ ಆ ತುದಿಯಲ್ಲಿ ಕೆಲಸ ಶುರುಮಾಡಿತ್ತು. ನಮ್ಮದು ಈ ತುದಿಯ ಕೊನೆಯ ಸಾಲು, ಸರದಿ ಬರುವುದು ಮಧ್ಯಾಹ್ನದ ಮೇಲೆ. ಬೇಕಾದಷ್ಟು ಸಮಯವಿತ್ತು. ನಾನು ಏಣಿ ಹತ್ತಿ ದೋಣಿಯೊಳಗೆ ಇಳಿದೆ. ಚಳಿಗಾಲವೆಲ್ಲ ಮನೆಯಲ್ಲಿ ಬೆಚ್ಚಗಿಟ್ಟಿದ್ದ ಪಂಪಿನ ರಬ್ಬರ್ ಚಕ್ರವನ್ನು ತಂದು ಕೂರಿಸಿದೆ. ಎಣ್ಣೆ ನೋಡಿದೆ. ಸಮುದ್ರದಲ್ಲಾದರೆ ಎಂಜಿನ್ ತನಗೆ ಬೇಕಾದ ತಂಪು ನೀರನ್ನು ತಾನೇ ಕೆಳಗಿನಿಂದ ಹೀರಿಕೊಳ್ಳುತ್ತದೆ. ನೆಲದ ಮೇಲೆ ನಾವೇ ಕುಡಿಸಬೇಕು. ಹಾಗಾಗಿ ಒಂದು ಟಬ್ಬಿನ ತುಂಬ ನೀರಿಟ್ಟು ಅದರೊಳಗೆ ಪೈಪು ಇಳಿಬಿಟ್ಟೆ. ಹೆಲ್ವಿ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ಕಾಫಿಯ ಫ್ಲಾಸ್ಕನ್ನೂ ಏಲಕ್ಕಿ ಬನ್ನಿನ ಬುಟ್ಟಿಯನ್ನೂ ಇಟ್ಟುಕೊಂಡು, ಸಂಗೀತ ಕಚೇರಿಗೆ ಮುಂದಿನ ಸಾಲಿನಲ್ಲಿ ಕೂತವಳಂತೆ ಕೂತಳು.

ಹ್ಯಾಂಡಲ್ ತಿರುಗಿಸಿದೆ. ಎಂಜಿನ್ "ಪುಸ್ಸ್" ಎಂದಿತು. ಮತ್ತೆ ತಿರುಗಿಸಿದೆ. "ಪುಸ್ಸ್, ಪುಕ್ಕ್" ಎಂದು ಎರಡು ಸಲ ಕೆಮ್ಮಿ ಕಣ್ಣು ಮುಚ್ಚಿತು. ಕೋಟು ಬಿಚ್ಚಿ ತಿರುಗಿಸಿದೆ. ಸ್ವೆಟರ್ ಬಿಚ್ಚಿ ತಿರುಗಿಸಿದೆ. ಇನ್ನು ಬಿಚ್ಚಿದರೆ ಮರ್ಯಾದೆಯ ಪ್ರಶ್ನೆ. ಎಂಜಿನ್ ಮಾತ್ರ ಪ್ರತಿ ಸಲವೂ ಒಂದೆರಡು ಸಲ ಕೆಮ್ಮುವುದು, ಉಸಿರು ಕಟ್ಟಿದಂತಾಗಿ ನಿಲ್ಲುವುದು. ಅದಕ್ಕೇನೋ ಹೇಳಬೇಕೆಂದಿದೆ, ಗಂಟಲಲ್ಲೇ ಸಿಕ್ಕಿಕೊಂಡಿದೆ ಎನ್ನುವುದು ನನ್ನ ಸಂಗೀತದ ಕಿವಿಗೆ ತಿಳಿಯುತ್ತಿತ್ತು. ಆದರೆ ಯಾಕೆಂದು ತಿಳಿಯಲಿಲ್ಲ.

ಕೇಳದೆ ಸಹಾಯ ಪಡೆಯುವುದಕ್ಕೆ ನಮ್ಮಲ್ಲಿ ಹಿರಿಯರಿಂದ ಬಂದ ಉಪಾಯಗಳಿವೆ. ಮೊದಲು, ಎಂಜಿನ್ನಿನ ಮುಚ್ಚಳವನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟೆ. ಆಮೇಲೆ ಸ್ಪ್ಯಾನರನ್ನು ಸದ್ದಾಗುವಂತೆ ಬೀಳಿಸಿದೆ. ಕೊನೆಗೆ ಗಾಳಿಯನ್ನು ಉದ್ದೇಶಿಸಿ, "ವಿಚಿತ್ರ. ಎಲ್ಲಾ ಸರಿ ಇದೆ, ಆದ್ರೂ ವಿಚಿತ್ರ," ಎಂದು ಗಟ್ಟಿಯಾಗಿ ಹೇಳಿದೆ.

"ಅದು ಕೇಳ್ದಂಗಾಯ್ತಾ?" ಎಂದಳು ಕೆಳಗಿನಿಂದ ಹೆಲ್ವಿ.

"ನನ್ನಷ್ಟಕ್ಕೆ ನಾನು ಹೇಳ್ಕೊಂಡೆ."

"ನಿನ್ನಷ್ಟಕ್ಕೆ ಹೇಳ್ಕೊಳ್ಳೋದು ಆಚೆ ದಡಕ್ಕೂ ಕೇಳಿಸ್ತು ಕಣೋ."

ಉಪಾಯ ಫಲಿಸಿತು. ಪಕ್ಕದ ದೋಣಿಯ ತಳಕ್ಕೆ ಬಣ್ಣ ಬಳಿಯುತ್ತಿದ್ದ ತೈಸ್ತೋ ಕುಂಚ ಕೆಳಗಿಟ್ಟು, ಕಾಫಿ ಕಪ್ಪು ಹಿಡಿದುಕೊಂಡು ನಿಧಾನವಾಗಿ ಬಂದ. ನಮ್ಮ ದೋಣಿಯ ಹಿಂಭಾಗದಲ್ಲಿ ನಿಂತ. ಹಿಂಭಾಗವನ್ನು ನೋಡಿದ. ಬಹಳ ಹೊತ್ತು ನೋಡಿದ.

"ಹೂಂ," ಎಂದ.

"ಹೂಂ," ಎಂದೆ ನಾನು. ಇಲ್ಲಿಯವರೆಗೆ ಮಾತುಕತೆ ಸೊಗಸಾಗಿ ಸಾಗಿತ್ತು.

ತೈಸ್ತೋ ಕಾಫಿ ಹೀರಿದ. ಆಕಾಶ ನೋಡಿದ. ಮತ್ತೆ ದೋಣಿಯ ಹಿಂಭಾಗ ನೋಡಿದ. "ಉಣ್ಣೆ ಒಳ್ಳೇದು," ಎಂದ.

ಅಷ್ಟು ಹೇಳಿ ಹೊರಟೇಬಿಟ್ಟ. ನಾನು ಹ್ಯಾಂಡಲ್ ಹಿಡಿದು ನಿಂತೇ ಯೋಚಿಸಿದೆ. ಉಣ್ಣೆ ಒಳ್ಳೆಯದು, ನಿಜ. ಕುರಿಗೂ ಒಳ್ಳೆಯದು, ಮನುಷ್ಯನಿಗೂ ಒಳ್ಳೆಯದು. ಸ್ವೆಟರ್ ಹಾಕಿಕೋ ಎಂದನೇ? "ಏನಪ್ಪಾ ಹಂಗಂದ್ರೆ?" ಎಂದು ಕೂಗಲು ಬಾಯಿ ತೆರೆದವನು, ಕೆಳಗೆ ಹೆಲ್ವಿ ಕೈಯನ್ನು ಕಿವಿಗೆ ಅಡ್ಡ ಹಿಡಿದು ಕಾಯುತ್ತಿರುವುದನ್ನು ಕಂಡು ಮುಚ್ಚಿಕೊಂಡೆ. ಅರ್ಥ ಕೇಳಿದರೂ ಕೇಳಿದ ಲೆಕ್ಕವೇ.

ಆಮೇಲೆ ಆ ದಾರಿಯಲ್ಲಿ ಹೋದವರೆಲ್ಲ ನಮ್ಮ ದೋಣಿಯ ಹಿಂಭಾಗದಲ್ಲಿ ಒಂದು ಗಳಿಗೆ ನಿಂತರು. ಒಬ್ಬರು "ಹೂಂ" ಎಂದರು. ಒಬ್ಬಾಕೆ "ಚೆನ್ನಾಗಿ ಹೆಣೆದಿದ್ದಾರೆ" ಎಂದಳು. ಇನ್ನೊಬ್ಬ ನನ್ನ ಪಾದಗಳನ್ನು ಕನಿಕರದಿಂದ ನೋಡಿ ತಲೆಯಾಡಿಸಿ ಹೋದ. ಊರಿಗೆಲ್ಲ ಏನೋ ತಿಳಿದಿದೆ, ನನಗೊಬ್ಬನಿಗೆ ತಿಳಿದಿಲ್ಲ. ನಾನು ಕೇಳುವಂತಿಲ್ಲ, ಅವರು ಹೇಳುವಂತಿಲ್ಲ. ಎಂಥ ಸುಸಂಸ್ಕೃತ ನಾಡು ನಮ್ಮದು ಎಂದು ಹಲ್ಲು ಕಡಿದೆ.

ಕೊನೆಗೆ ಬಿಸಿಲು ಕುರ್ಚಿಯಿಂದ ಸರಿದದ್ದರಿಂದ ಹೆಲ್ವಿ ಕುರ್ಚಿ ಎತ್ತಿಕೊಂಡು ದೋಣಿಯ ಹಿಂದಕ್ಕೆ ಬಂದಳು. ಬಂದವಳು ಕಿರುಚಿದಳು.

"ಓಸ್ಮೋ! ನಮ್ಮಮ್ಮ ಹೆಣೆದುಕೊಟ್ಟ ಕಾಲುಚೀಲ ಹೊಗೆ ಕೊಳವೇಲಿ ಏನೋ ಮಾಡ್ತಿದೆ?"

ನಾನು ಬಗ್ಗಿ ನೋಡಿದೆ. ಕೊಳವೆಯ ಬಾಯಿಂದ ಕೆಂಪು ಬಿಳಿ ಪಟ್ಟೆಯ ಉಣ್ಣೆಯ ಕಾಲುಚೀಲದ ಹಿಮ್ಮಡಿ ಹೊರಗೆ ಇಣುಕುತ್ತಿತ್ತು. ಆಗ ನೆನಪಾಯಿತು. ಶರತ್ಕಾಲದಲ್ಲಿ ದೋಣಿ ಮಲಗಿಸುವಾಗ ಇಲಿ ಸೇರದಿರಲೆಂದು ನಾನೇ ತುರುಕಿದ್ದೆ, ಅದೂ ಹ್ಯಾಂಡಲಿನ ತುದಿಯಿಂದ ತಳ್ಳಿ ತಳ್ಳಿ.

"ಇಲಿಗೆ," ಎಂದೆ.

"ಇಲಿಗೆ ಕಾಲುಚೀಲಾನಾ! ಚಳಿಗಾಲವೆಲ್ಲ ನಾನು ಇದನ್ನ ಹುಡುಕಿದ್ದೇನು, ವಾಶಿಂಗ್ ಮಷೀನ್ ನುಂಗ್ತು ಅಂತ ರಿಪೇರಿಯವನನ್ನ ಕರೆಸಿದ್ದೇನು! ಅವತ್ತು ನೀನೂ ಪಕ್ಕದಲ್ಲಿ ನಿಂತು 'ಈ ಮಷೀನೇ ಸರಿಯಿಲ್ಲ' ಅಂದ್ಯಲ್ಲೋ!"

"ಮಷೀನು ಸರಿ ಇರ್ಲಿಲ್ಲ ನಿಜವೇ..."

"ಸರಿ ಇಲ್ದಿರೋದು ಯಾವುದು ಅಂತ ನಂಗೊತ್ತು."

ಅವಳೇ ಕಾಲುಚೀಲವನ್ನು ಎಳೆದು ತೆಗೆದಳು. (ಇದನ್ನು ಸಹಾಯವೆಂದು ದಯವಿಟ್ಟು ಭಾವಿಸಬೇಡಿ. ನಾನು ಕೇಳಿರಲಿಲ್ಲ. ಅಲ್ಲದೆ ಎಳೆಯುವಾಗ ಬೈಯುತ್ತಲೇ ಇದ್ದಳು. ಬೈಗುಳ ಜೊತೆಗಿದ್ದರೆ ಅದು ಸಹಾಯದ ವರ್ಗಕ್ಕೆ ಸೇರುವುದಿಲ್ಲ.) ನಾನು ಹ್ಯಾಂಡಲ್ ಒಂದು ಸುತ್ತು ತಿರುಗಿಸಿದ್ದೇ ತಡ, ಎಂಜಿನ್ ಒಂದು ದೊಡ್ಡ ಮೋಡದಷ್ಟು ಕಪ್ಪು ಹೊಗೆ ಉಗುಳಿ, "ಡುಗ್... ಡುಗ್... ಡುಗ್ ಡುಗ್ ಡುಗ್" ಎಂದು ಮಾತಿಗಾರಂಭಿಸಿತು. ಆಹಾ, ಆ ನಾದ! ನನ್ನ ಆರ್ಗನ್ನಿನ ಅತಿ ದೊಡ್ಡ ಕೊಳವೆಗೂ ಆ ಗಾಂಭೀರ್ಯ ಇರಲಿಲ್ಲ. ಹಿಂದಿನ ಕೊಳವೆಯಿಂದ ಎಂಜಿನ್ ಕುಡಿದ ನೀರು ಪಿಚಕ್ ಪಿಚಕ್ ಎಂದು ಚಿಮ್ಮಿತು. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಹೊಗೆಗೆ, ಅರ್ಧ ಸಂತೋಷಕ್ಕೆ.

"ಸರಿ, ಆಯ್ತಲ್ಲ. ನಿಲ್ಸು ಇನ್ನು," ಎಂದಳು ಹೆಲ್ವಿ.

"ನಿಲ್ಸೋದೇ? ಅನ್ನಿಕ್ಕಿ ಬಂದು ಕೇಳ್ಬೇಡ್ವೇ?"

"ಅವಳು ಬರೋಷ್ಟರಲ್ಲಿ ಮತ್ತೆ ಚಾಲೂ ಮಾಡು."

"ಆಗ್ಲಿಲ್ಲ ಅಂದ್ರೆ?"

"ಈಗ ತಾನೇ ಆಯ್ತಲ್ಲೋ!"

"ಮಲಗಿರೋ ಮಗೂನ ಎಬ್ಬಿಸ್ಬಾರ್ದು, ಎದ್ದಿರೋ ಎಂಜಿನ್ನ ಮಲಗಿಸ್ಬಾರ್ದು. ಇದು ನಾನು ಹೇಳ್ತಿರೋದಲ್ಲ, ಅನುಭವ ಹೇಳ್ತಿರೋದು."

"ಯಾರ ಅನುಭವ? ಮಕ್ಕಳನ್ನ ಮಲಗಿಸಿದ್ದೂ ನಾನೇ, ಎಬ್ಬಿಸಿದ್ದೂ ನಾನೇ."

ಆದರೂ ನಾನು ನಿಲ್ಲಿಸಲಿಲ್ಲ. ಆಗ ಒಂದು ಸಣ್ಣ ತೊಡಕು ಕಾಣಿಸಿತು. ಟಬ್ಬು ಅರ್ಧ ಖಾಲಿಯಾಗಿತ್ತು. ನೀರು ಮುಗಿದರೆ ಪಂಪಿನ ರಬ್ಬರ್ ಚಕ್ರ ಸುಟ್ಟು ಕರಕಲಾಗುತ್ತದೆ. ಅಂಗಳದ ನಲ್ಲಿಗೆ ಕೊಳವೆ ಹೆಪ್ಪುಗಟ್ಟೀತೆಂಬ ಭಯದಿಂದ ಮೇ ಮುಗಿಯುವ ತನಕ ನೀರು ಬಿಡುವುದಿಲ್ಲ. ಉಳಿದಿದ್ದು ಒಂದೇ ನೀರು. ಎರಡು ಬಕೆಟ್ ಹಿಡಿದು ಏಣಿ ಇಳಿದೆ, ಸಂಘದ ಶೆಡ್ಡು ಸುತ್ತಿ ಓಡಿದೆ, ದೋಣಿ ಕಟ್ಟುವ ಕಟ್ಟೆಯ ಅಂಚಿನಲ್ಲಿ ಬೋರಲು ಮಲಗಿ ಸಮುದ್ರವನ್ನು ಮೊಗೆದೆ, ಓಡಿ ಬಂದೆ, ಏಣಿ ಹತ್ತಿದೆ, ಸುರಿದೆ. ಎಂಜಿನ್ ಗಟಗಟ ಕುಡಿದು "ಇನ್ನೆಲ್ಲಿ?" ಎಂದಿತು. ಮತ್ತೆ ಇಳಿದೆ. ಲೋಕದ ಜನ ದೋಣಿಯನ್ನು ಸಮುದ್ರಕ್ಕೆ ಒಯ್ಯುತ್ತಾರೆ. ನಾನು ಸಮುದ್ರವನ್ನೇ ಸ್ವಲ್ಪಸ್ವಲ್ಪವಾಗಿ ದೋಣಿಗೆ ಸಾಗಿಸುತ್ತಿದ್ದೆ.

ಹಾಗೆ ಎಷ್ಟು ಸಲ ಓಡಿದೆನೋ ದೇವರಿಗೇ ಗೊತ್ತು. ಮೊಣಕಾಲು ಎಂಜಿನ್ನಿಗಿಂತ ಜೋರಾಗಿ ಸದ್ದು ಮಾಡತೊಡಗಿತು. ಪ್ಯಾಂಟು ಸೊಂಟದವರೆಗೆ ಒದ್ದೆ. ಕ್ರೇನ್ ಇನ್ನೂ ನಡುವಿನ ಸಾಲಿನಲ್ಲಿತ್ತು. ಏಣಿಯ ಬುಡದಲ್ಲಿ ಒಂದು ಕ್ಷಣ ನಿಂತು ಹೆಲ್ವಿಯ ಮುಖ ನೋಡಿದೆ. ಅವಳು ಅತ್ಯಂತ ಪ್ರೀತಿಯಿಂದ ನಕ್ಕಳು.

"ಕೇಳು," ಎಂದಳು. "ಒಂದೇ ಒಂದ್ಮಾತು. ಕ್ಯಾರವಾನಲ್ಲಿ ಮೆತ್ತನೆ ಹಾಸಿಗೆ ಇದೆ, ಮೊಣಕಾಲಿಗೂ ಒಳ್ಳೇದು."

"ಆರಾಮಾಗಿದೀನಿ," ಎಂದು ಏದುಸಿರು ಬಿಡುತ್ತ ಹೇಳಿದೆ. "ವ್ಯಾಯಾಮ."

ಮುಂದಿನ ಸಲ ನಾನು ಕಟ್ಟೆಯಿಂದ ಬರುವಾಗ ಹೆಲ್ವಿಯ ಕುರ್ಚಿ ಖಾಲಿಯಾಗಿತ್ತು. ಬನ್ನಿನ ಬುಟ್ಟಿಯೂ ಇರಲಿಲ್ಲ. ಗಂಡ ಸಾಯುತ್ತಿರುವಾಗ ಹರಟೆಗೆ ಹೋದಳಲ್ಲ ಎಂದು ಮನಸ್ಸು ಕಹಿಯಾಯಿತು. ತಂದ ನೀರು ಸುರಿದು ದೋಣಿಯೊಳಗೆ ಕುಸಿದು ಕೂತೆ, ಸ್ವಲ್ಪ ಹೊತ್ತಿಗೆ ಟಬ್ಬನ್ನು ನೋಡಿದೆ. ತಳ ಕಾಣುತ್ತಿತ್ತು. ನನಗೆ ಏಳಲು ಆಗಲಿಲ್ಲ. ಮೆಟ್ಟಿಲು, ಪೈನ್ ಮರ, ಮುಳುಗದ ಸೂರ್ಯ, ಎಲ್ಲವೂ ಪೈಪಿನ ಮೂಲಕ ಸೊರ್ ಎಂದು ಹೀರಿಹೋಗುತ್ತಿರುವಂತೆ ಅನ್ನಿಸಿತು. ಸೋತೆ, ಕೇಳಿಯೇಬಿಡೋಣ ಎಂದುಕೊಂಡೆ.

ಆಗ ಏಣಿಯ ತುದಿಯಲ್ಲಿ ಒಂದು ಬಕೆಟ್ ಕಾಣಿಸಿಕೊಂಡಿತು. ತುಂಬಿದ ಬಕೆಟ್. ಅದರ ಕೆಳಗೆ ಒಂದು ಕೈ, ಕೈಯ ಕೆಳಗೆ ತೈಸ್ತೋ. ನಾನು ತೆಗೆದುಕೊಂಡು ಸುರಿದೆ. ಅದರ ಹಿಂದೆಯೇ ಇನ್ನೊಂದು ಬಕೆಟ್ ಬಂತು. ಬಗ್ಗಿ ನೋಡುತ್ತೇನೆ, ಏಣಿಯಿಂದ ಶೆಡ್ಡಿನ ಮೂಲೆಯವರೆಗೆ ಜನ ಸಾಲಾಗಿ ನಿಂತಿದ್ದಾರೆ. ಬಣ್ಣದ ಕೈಯವರು, ಗ್ರೀಸಿನ ಕೈಯವರು, ಬಾಯಿತುಂಬ ಬನ್ನು ತುಂಬಿಕೊಂಡವರು. ಕೈಯಿಂದ ಕೈಗೆ ಬಕೆಟ್ಟು ಬರುತ್ತಿದೆ. ಬಕೆಟ್ಟು, ಪಾತ್ರೆ, ಬಣ್ಣದ ಡಬ್ಬ, ಯಾರದೋ ನಾಯಿಯ ಬಟ್ಟಲು. ಒಬ್ಬರೂ ಮಾತಾಡುತ್ತಿಲ್ಲ. ಸಾಲು ಶೆಡ್ಡಿನ ಆಚೆ ಕಟ್ಟೆಯವರೆಗೂ ಹೋಗಿತ್ತು, ಆ ಕೊನೆ ನನಗೆ ಕಾಣುತ್ತಿರಲಿಲ್ಲ. ಆದರೆ ಆ ಕೊನೆಯಿಂದ ಬಕೆಟ್ಟುಗಳು ಎಷ್ಟು ವೇಗವಾಗಿ ಬರುತ್ತಿದ್ದವೆಂದರೆ ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬಂದಂತಿತ್ತು.

ನಾನು ಕೇಳಲಿಲ್ಲ, ಅವರು ಬಂದರು. ನಲವತ್ತು ವರ್ಷ ಅಪಸ್ವರದಲ್ಲಿ ಹಾಡಿ ನನ್ನನ್ನು ಕಾಡಿದ ಜನ ಇವರೇ. ಇವತ್ತು ಒಂದೇ ಒಂದು ಕೈ ತಾಳ ತಪ್ಪಲಿಲ್ಲ. ನನ್ನ ಊರು, ನನ್ನ ಜನ ಎಂದು ಎದೆ ಉಬ್ಬಿತು. ಹೆಲ್ವಿ ಎಲ್ಲಿದ್ದಾಳೆ, ಅವಳು ಇದನ್ನು ನೋಡಬೇಕು ಎಂದುಕೊಂಡೆ.

ಅನ್ನಿಕ್ಕಿ ಬಂದಾಗ ಎಂಜಿನ್ ಇನ್ನೂ ಡುಗುಡುಗಿಸುತ್ತಿತ್ತು. ಅವಳು ಸಾಲನ್ನು ಮೇಲಿನಿಂದ ಕೆಳಗೆ ನೋಡಿ, ನನ್ನ ಒದ್ದೆ ಪ್ಯಾಂಟನ್ನು ನೋಡಿ, "ಇದೇನಿದು, ಬೆಂಕಿ ಬಿದ್ದಿದ್ಯಾ?" ಎಂದಳು.

"ನಿಮಗೆ ಕೇಳಿಸ್ಬೇಕಲ್ಲ, ಅದಕ್ಕೇ ನಿಲ್ಲಿಸ್ದೆ ಇಟ್ಟಿದೀನಿ."

"ನನಗೆ ಬೆಳಿಗ್ಗೇನೇ ಆ ತುದೀವರೆಗೂ ಕೇಳಿಸ್ತು. ಊರಿಗೇ ಕೇಳಿಸ್ತು. ಆಗ್ಲೇ ಸರಿ ಅಂತ ಬಿಟ್ಟೆ."

"ಹೇಳ್ಬಾರ್ದಿತ್ತೇ!"

"ನೀನು ಕೇಳ್ಲಿಲ್ಲ," ಎಂದಳು ಅನ್ನಿಕ್ಕಿ, ಅದು ಅತ್ಯಂತ ಸಹಜವೆಂಬಂತೆ, ಕ್ರೇನಿನವನಿಗೆ ಕೈ ಸನ್ನೆ ಮಾಡುತ್ತ.

ಇರಲಿ. ದೋಣಿ ಗಾಳಿಯಲ್ಲಿ ತೂಗಿಕೊಂಡು ಬಂದು ಹಂಸದಂತೆ ನೀರಿನ ಮೇಲೆ ಕೂತಿತು. ಎರಡನೇ ಸುತ್ತಿಗೇ ಎಂಜಿನ್ ಚಾಲೂ ಆಯಿತು. ಕೊಲ್ಲಿಯಲ್ಲಿ ಒಂದು ಪ್ರದಕ್ಷಿಣೆ ಹಾಕಿ, ಕಟ್ಟೆಗೆ ಕಟ್ಟಿ, ವಿಜಯಿಯಾಗಿ ಇಳಿದೆ. ಎಲ್ಲರೂ ಕಟ್ಟೆಯ ಮೇಲೆ ಕಾಫಿ ಕುಡಿಯುತ್ತ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. ಚರ್ಚಿನಲ್ಲಿ ಕೂಡ ಎಂದೂ ಭಾಷಣ ಮಾಡದ ನಾನು ಅಂದು ಮಾಡಿದೆ.

"ನಾನು ಒಬ್ಬರನ್ನೂ ಕೇಳ್ಲಿಲ್ಲ," ಎಂದೆ. "ನೀವಾಗೇ ಬಂದ್ರಿ. ಇದನ್ನ ಸಾಯೋವರೆಗೂ ಮರೆಯಲ್ಲ."

ಎಲ್ಲರೂ ನೆಲ ನೋಡಿದರು. ತೈಸ್ತೋ ಕೆಮ್ಮಿದ. "ಹಬ್ಬಕ್ಕೆ ಮೀನು ನಾನು ತರ್ತೀನಿ," ಎಂದ.

"ಯಾವ ಹಬ್ಬಕ್ಕೆ?"

"ಟೆಂಟು ನಮ್ದೇ ಇದೆ, ನಮಗೆ ಜಾಗ ಮಾಡೋದೇನೂ ಬೇಡ," ಎಂದಳು ಬೆಳಿಗ್ಗೆ ಹೆಣಿಗೆಯನ್ನು ಹೊಗಳಿದ ಹೆಂಗಸು.

"ಸೌನಾದಲ್ಲಿ ಒಂದ್ಸಲಕ್ಕೆ ಎಷ್ಟು ಜನ ಹಿಡಿಸ್ತಾರೆ?" ಎಂದ ಇನ್ನೊಬ್ಬ. "ನಮ್ಮ ಮನೆಯಿಂದಲೇ ಏಳು ಜನ."

ನಾನು ನಿಧಾನವಾಗಿ ಹೆಲ್ವಿಯ ಕಡೆ ತಿರುಗಿದೆ. ಅವಳು ಖಾಲಿ ಬುಟ್ಟಿ ಹಿಡಿದು ಕಟ್ಟೆಯ ಕಂಬಕ್ಕೆ ಒರಗಿ ನಿಂತಿದ್ದಳು.

"ನೀನು ಕೇಳ್ಬಾರ್ದು ಅಂತ ತಾನೇ ಪಂಥ?" ಎಂದಳು. "ನಾನು ಕೇಳ್ಬಾರ್ದು ಅಂತ ಯಾರು ಹೇಳಿದ್ರು? ಒಬ್ಬೊಬ್ಬರ ಹತ್ರಾನೂ ಹೋಗಿ, 'ನಮ್ಮನೇವ್ನು ಸಾಯ್ತಾನೆ, ಒಂದು ಬಕೆಟ್ ಹಿಡೀರಪ್ಪ' ಅಂದೆ. ಎಲ್ಲರೂ ಆಗ್ಲೇ ಬಕೆಟ್ ಕೈಯಲ್ಲೇ ಹಿಡ್ಕೊಂಡಿದ್ರು ಕಣೋ, ಯಾರಾದ್ರೂ ಬಾಯಿಬಿಟ್ಟು ಕರೀಲಿ ಅಂತ ಕಾಯ್ತಿದ್ರು ಪಾಪ. ಬರೀ ಬನ್ನು ಕೊಟ್ಟು ಕಳ್ಸೋಕಾಗುತ್ತಾ? ಯುಹಾನ್ನುಸ್‌ಗೆ ನಮ್ಮ ದ್ವೀಪಕ್ಕೆ ಬನ್ನಿ ಅಂದೆ. ನೀನೇ ಗೆದ್ದಿದೀಯ. ಹಬ್ಬ ದ್ವೀಪದಲ್ಲೇ."

ಅಷ್ಟರಲ್ಲಿ ಜನರ ಹಿಂದಿನಿಂದ ಒಂದು ಪರಿಚಿತ ದನಿ ಕೇಳಿಸಿತು. ಅದು ಯಾವುದೋ ವಾಕ್ಯದ ನಡುವಿನಿಂದ ಶುರುವಾಗಿತ್ತು.

"...ಅದಕ್ಕೇ ನಾನು ಇವರಿಗೆಲ್ಲ ಹೇಳ್ತಾ ಇದ್ದೆ, ಬಕೆಟ್ ಮೊಗೆಯೋದ್ರಲ್ಲಿ ಒಂದು ವಿಧಾನ ಇದೆ, ಹಿಡಿ ಹೇಗೆ ಬಗ್ಗಿಸ್ಬೇಕು ಅಂದ್ರೆ, ಓ, ಓಸ್ಮೋ!"

ರೈಮೋ! ಸೊಂಟದವರೆಗೆ ಒದ್ದೆಯಾಗಿ, ಮುಖದ ತುಂಬ ನಗು. ಹೆಲ್ವಿ ಫೋನು ಮಾಡಿ ಅವನನ್ನೂ ಕರೆದಿದ್ದಳು. ಸಾಲಿನ ಆ ಕಾಣದ ತುದಿಯಲ್ಲಿ ನೀರು ಮೊಗೆಯುತ್ತಿದ್ದವನು ಅವನೇ. ಬಕೆಟ್ಟುಗಳು ಅಷ್ಟು ವೇಗವಾಗಿ ಏಕೆ ಬರುತ್ತಿದ್ದವೆಂದು ಆಗ ತಿಳಿಯಿತು. ಪಕ್ಕದಲ್ಲಿ ನಿಂತವನು ಬಕೆಟ್ಟು ಸಾಗಿಸಿ ಆದಷ್ಟು ಬೇಗ ಮುಂದಕ್ಕೆ ಜರುಗಲು ನೋಡುತ್ತಿದ್ದ.

"ನಾವೂ ದ್ವೀಪಕ್ಕೆ ಬರ್ತೀವಿ," ಎಂದ ರೈಮೋ. "ಕ್ಯಾರವಾನ್ ಇಲ್ಲೇ ಅಂಗಳದಲ್ಲಿ ನಿಲ್ಲಿಸ್ತೀನಿ. ಪಾಪ, ಮೂರು ದಿನ ಖಾಲಿ ಬಿದ್ದಿರುತ್ತೆ."

ನಾನು ನಿಂತಲ್ಲೇ ಎಣಿಸಿದೆ. ತೈಸ್ತೋನ ಮನೆಯವರು, ಟೆಂಟಿನವರು, ಏಳು ಜನರವರು, ಅವರ ನಾಯಿ, ಹಿಲ್ಕಾ, ರೈಮೋ. ನನ್ನ ಮೆಟ್ಟಿಲ ಮೇಲೆ ಇಷ್ಟೂ ಜನ. ಅದೂ ಯುಹಾನ್ನುಸ್ ಎಂದರೆ ಹಾಡು ಇದ್ದೇ ಇರುತ್ತದೆ, ಭಾನುವಾರದ ಅದೇ ಗಂಟಲುಗಳು. ಇತ್ತ ಅಂಗಳ ಖಾಲಿ. ಊರೆಲ್ಲ ದ್ವೀಪಕ್ಕೆ ಹೋದ ಮೇಲೆ ಈ ಅಂಗಳದಷ್ಟು ನಿಶ್ಶಬ್ದ ಜಾಗ ಇಡೀ ಫಿನ್ಲೆಂಡಿನಲ್ಲಿ ಇನ್ನೊಂದಿರುತ್ತದೆಯೇ? ಅದರ ನಡುವೆ ಒಂದು ಖಾಲಿ ಕ್ಯಾರವಾನ್. ಮೆತ್ತನೆ ಹಾಸಿಗೆ. ನನ್ನ ತಲೆಯಲ್ಲಿ ಬೆಳಕು ಹರಿಯಿತು. ಹಿಂದುಮುಂದು ನೋಡದೆ ರೈಮೋನ ಕೈ ಹಿಡಿದುಕೊಂಡೆ.

"ರೈಮೋ, ಒಂದು ಉಪಕಾರ ಮಾಡ್ತೀಯೇನಪ್ಪಾ? ಹಬ್ಬದ ಮೂರು ದಿನ ನಿನ್ನ ಕ್ಯಾರವಾನಲ್ಲಿ ನಂಗೆ ಮಲಗೋಕೆ ಜಾಗ ಕೊಡ್ತೀಯಾ?"

ಕಟ್ಟೆಯ ಮೇಲೆ ಎಲ್ಲರ ಕಪ್ಪುಗಳೂ ಗಾಳಿಯಲ್ಲೇ ನಿಂತವು. ತೈಸ್ತೋ ತನ್ನ ಆಯುಷ್ಯದ ಅತಿ ಉದ್ದದ "ಹೂಂ" ಎಂದ. ಹೆಲ್ವಿ ಬುಟ್ಟಿ ಕೆಳಗಿಟ್ಟು, ತನ್ನ ತೋರುಬೆರಳನ್ನು ನಿಧಾನವಾಗಿ ಎತ್ತಿ ಅಂಗಳದ ಕಡೆ ತೋರಿಸಿದಳು. ಕ್ರೇನ್ ಇನ್ನೂ ಅಲ್ಲೇ ನಿಂತು ತೋಳು ಮಡಚಿಕೊಳ್ಳುತ್ತಿತ್ತು.

"ಕೇಳ್ದ!" ಎಂದಳು. "ಎಲ್ಲರೂ ಕೇಳಿಸ್ಕೊಂಡ್ರಲ್ಲಾ? ಬಾಯಿಬಿಟ್ಟು ಕೇಳ್ದ!"

ರೈಮೋನ ಕಣ್ಣು ತುಂಬಿ ಬಂದಿತ್ತು. ಅವನು ನನ್ನ ಕೈಯನ್ನು ಎರಡೂ ಕೈಯಿಂದ ಅಮುಕಿ ಹಿಡಿದ.

"ಇಷ್ಟು ವರ್ಷದಲ್ಲಿ ನೀನು ನನ್ನನ್ನ ಏನನ್ನೂ ಕೇಳಿದ್ದೇ ಇಲ್ಲ ಓಸ್ಮೋ. ಕೊಡಲ್ಲ ಅಂತೀನಾ? ಹೆಂಗಸರೆಲ್ಲ ದ್ವೀಪಕ್ಕೆ ಹೋಗ್ಲಿ ಬಿಡು. ನಿನ್ನೊಬ್ಬನ್ನೇ ಬಿಟ್ಟು ನಾನೆಲ್ಲಿಗೆ ಹೋಗ್ಲಿ? ಮೂರು ದಿನಾನೂ ನಾನು ನಿನ್ನ ಜೊತೇಲೇ ಇರ್ತೀನಿ!"